ಹೆಳವನಕಟ್ಟೆ ಗಿರಿಯಮ್ಮನೂ ಆಕೆಯ ಕೇಳುಗರ ಬಳಗವೂ

ಕನ್ನಡದ ಸ್ತ್ರೀಕವಿಗಳನ್ನು ಕುರಿತು ಬರೆಯುವವರು ಹೆಳವನಕಟ್ಟೆ ಗಿರಿಯಮ್ಮನ ಹೆಸರನ್ನು ತಪ್ಪದೆ ಎತ್ತುವರು. ಆದರೆ ಬಹುಮಟ್ಟಿಗೆ ಆಕೆಯ ಮಹಿಮೆಗಳನ್ನು ವಿಸ್ತರಿಸಿ, ಕೃತಿಗಳನ್ನು ಎರಡು ಮಾತಿನಲ್ಲಿ ಮುಗಿಸುವರು. ಈ ಕಾವ್ಯವು ಯಾರಿಗಾಗಿ ಹುಟ್ಟಿತು, ಯಾರ ನಾಲಗೆಯ ಮೇಲೆ ಉಳಿಯಿತು ಎಂಬುದನ್ನು ವಿಚಾರಿಸದೆ ಅದರ ಬೆಲೆಯನ್ನು ಕಟ್ಟಲಾಗದೆಂದು ನಮಗೆ ತೋರುತ್ತದೆ.

ಗಿರಿಯಮ್ಮನು ಕ್ರಿ.ಶ. 18ನೆಯ ಶತಮಾನದವಳು. ಹುಟ್ಟಿದೂರು ರಾಣೆಬೆನ್ನೂರು, ಅದು 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದು, ಈಗ ಹಾವೇರಿ ಜಿಲ್ಲೆಯಲ್ಲಿದೆ. ತಂದೆ ಬಿಷ್ಟಪ್ಪ ಜೋಯಿಸ, ತಾಯಿ ತುಂಗಮ್ಮ. ತುಂಗಭದ್ರೆಯ ಆಚೆಯ ಮಲೆಬೆನ್ನೂರಿನ ತಿಪ್ಪರಸನು ಈಕೆಯ ಪತಿ. ಆ ಊರಿಗೆ ಸಮೀಪದ ಹೆಳವನಕಟ್ಟೆಯ ರಂಗನಾಥನೇ ಈಕೆಯ ಅಂಕಿತ. ವಿಜಯದಾಸರ ಶಿಷ್ಯರಾದ ಗೋಪಾಲದಾಸರು (1722–1762) ಈಕೆಗೆ ಗುರುಗಳೆಂದು ಹರಿದಾಸ ಸಂಪ್ರದಾಯವು ಹೇಳುತ್ತದೆ. ಸಂಸಾರದಲ್ಲಿ ವಿರಕ್ತಳಾಗಿ ಪತಿಗೆ ಬೇರೆ ಮದುವೆ ಮಾಡಿಸಿದಳೆಂದೂ, ಕಡೆಗೆ ಹೊನ್ನಾಳಿಯ ಬಳಿಯ ಕಮ್ಮಾರಗಟ್ಟೆಯಲ್ಲಿ ನದಿಯಲ್ಲಿಯೇ ದೇಹವನ್ನು ಬಿಟ್ಟಳೆಂದೂ ಐತಿಹ್ಯ.

ಚಂದ್ರಹಾಸನ ಕಥೆ, ಸೀತಾಕಲ್ಯಾಣ, ಉದ್ದಾಳಿಕನ ಕಥೆ, ಬ್ರಹ್ಮಕೊರವಂಜಿ ಮೊದಲಾದುವು ಈಕೆಯ ಕೃತಿಗಳು. ಬಿಡಿ ಕೀರ್ತನೆಗಳೂ ಉಂಟು. ಇವುಗಳಲ್ಲಿ ಹೆಚ್ಚು ಜನಾದರಣೆಯನ್ನು ಪಡೆದುದು ಚಂದ್ರಹಾಸನ ಕಥೆ. ಲಕ್ಷ್ಮೀಶನು ಇದನ್ನು ಜೈಮಿನಿಭಾರತದಲ್ಲಿ ವಾರ್ಧಕ ಷಟ್ಪದಿಯಲ್ಲಿ ಹೇಳಿದ್ದನು. ಅದು ಗಮಕಿಯು ಓದಿ, ಪಂಡಿತನು ಅರ್ಥ ಹೇಳತಕ್ಕ ಸಭೆಯ ಕಾವ್ಯ. ಗಿರಿಯಮ್ಮನ ಮುಂದೆ ಅಂತಹ ಸಭೆಯಿರಲಿಲ್ಲ. ಮನೆಯ ಹೆಂಗಸರು ಹಾಡಿಕೊಳ್ಳುವಂತೆ ಆಕೆ ಕಥೆಯನ್ನು ಹಾಡಾಗಿ ಕಟ್ಟಿದಳು.

ಆ ಕೇಳುಗರಿಗೆ ಈ ಕಥೆ ಏಕೆ ಇಷ್ಟು ಹಿಡಿಸಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ಕುಂತಳದ ಮಂತ್ರಿ ದುಷ್ಟಬುದ್ಧಿಯು ಅನಾಥ ಬಾಲಕನನ್ನು ಕೊಲ್ಲಲು ಯತ್ನಿಸಿ ಸೋತು, ಅವನು ಬೆಳೆದ ಮೇಲೆ ಅವನಿಗೆ ವಿಷವನ್ನು ಕೊಡೆಂದು ಮಗನಿಗೆ ಪತ್ರ ಬರೆದು, ಅವನ ಕೈಯಲ್ಲಿಯೇ ಕಳುಹಿಸುತ್ತಾನೆ. ಉದ್ಯಾನದಲ್ಲಿ ಮಲಗಿದ್ದವನ ಬಳಿಯಿದ್ದ ಆ ಪತ್ರವನ್ನು ಮಂತ್ರಿಯ ಮಗಳು ವಿಷಯೆಯು ಓದಿ, ಅಕ್ಷರವನ್ನು ತಿದ್ದಿ, ‘ವಿಷ’ವನ್ನು ‘ವಿಷಯೆ’ಯನ್ನಾಗಿ ಮಾಡುತ್ತಾಳೆ, ಕೊಲೆಯ ಆಜ್ಞೆ ಮದುವೆಯ ಆಜ್ಞೆಯಾಗುತ್ತದೆ. ಕಥೆಯ ಕೀಲೆಲ್ಲವೂ ಓದುಬರಹ ಬಲ್ಲ ಹೆಣ್ಣೊಬ್ಬಳ ಬೆರಳಿನಲ್ಲಿದೆ! ಅಕ್ಷರವು ಹೆಂಗಸರಿಗೆ ದುರ್ಲಭವಾಗಿದ್ದ ಕಾಲದಲ್ಲಿ, ಬರೆಯಬಲ್ಲ ಹೆಂಗಸೊಬ್ಬಳು ಈ ಕಥೆಯನ್ನೇ ಆರಿಸಿಕೊಂಡುದು ಕೇವಲ ಆಕಸ್ಮಿಕವೆಂದು ನಾವು ನಂಬಲಾರೆವು. ಕಥೆಯ ನಾಡೂ ದೂರದ್ದಲ್ಲ: ಸೊರಬ ಸೀಮೆಯ ಕುಬಟೂರೇ ಚಂದ್ರಹಾಸನ ಕುಂತಳಪುರವೆಂಬ ಪ್ರತೀತಿ ಅಲ್ಲಿಯ ಜನರಲ್ಲುಂಟು.

ಉದ್ದಾಳಿಕನ ಕಥೆಯೂ ಜೈಮಿನಿಯ ವಸ್ತುವೇ. ಗಂಡ ಹೇಳಿದುದಕ್ಕೆಲ್ಲ ವಿರುದ್ಧವಾಗಿ ನಡೆದು, ಶಾಪದಿಂದ ಕಲ್ಲಾಗುವ ಚಂಡಿಯ ವೃತ್ತಾಂತವದು. ಇದನ್ನು ಪತಿವ್ರತಾಧರ್ಮದ ಬೋಧೆಯೆಂದಷ್ಟೇ ಓದುವುದು ರೂಢಿ. ಆದರೆ ಹೇಳಿದುದಕ್ಕೆಲ್ಲ ತಿರುಗುಮುರುಗಾಗಿ ನಡೆಯುವ ಹೆಂಡತಿಯ ಕಥೆಯನ್ನು ಹೆಂಗಸರೇ ಕೂಡಿ ಹಾಡುವಾಗ ನಗೆಯೂ ಹುಟ್ಟದಿರದು. ಆ ನಗೆಯನ್ನು ಬಿಟ್ಟು ಕೃತಿಯನ್ನು ಬೋಧಿಸುವುದು ಅಪೂರ್ಣವೇ ಸರಿ.

ಈ ಹಾಡಿನ ಹಾದಿಯಲ್ಲಿ ಗಿರಿಯಮ್ಮ ಒಂಟಿಯಲ್ಲ. ಗಲಗಲಿಯ ಅವ್ವನವರ ಹೆಸರೂ ಈಕೆಯೊಡನೆ ಬರುತ್ತದೆ. ಮುಂದಿನ ಶತಮಾನದಲ್ಲಿ ಹರಪನಹಳ್ಳಿಯ ಭೀಮವ್ವನು (1823–1903) ಭೀಮೇಶಕೃಷ್ಣನ ಅಂಕಿತದಲ್ಲಿ ಹಾಡಿದಳು. ದಾಸಕೂಟದ ಗಂಡಸರಿಗೆ ಊರೂರು ತಿರುಗುವ ಅವಕಾಶವಿತ್ತು. ಈ ಹೆಂಗಸರ ಹಾಡುಗಳಾದರೋ ತವರಿನಿಂದ ಅತ್ತೆಯ ಮನೆಗೆ ಹೋಗುವ ಹೆಣ್ಣುಮಕ್ಕಳೊಡನೆ ಹಬ್ಬಿದುವು. ಆದುದರಿಂದ ಪಾಠಾಂತರಗಳನ್ನು ಲಿಪಿಕಾರರ ಪ್ರಮಾದವೆಂದು ತಳ್ಳಿಹಾಕುವ ಸಂಪಾದನಕ್ರಮವು ಇಲ್ಲಿ ಸಲ್ಲದು. ಓಲೆಯ ಪ್ರತಿಯೊಡನೆ, ಹಾಡಬಲ್ಲ ವೃದ್ಧೆಯರ ಬಾಯಿಪಾಠವನ್ನೂ ಅದರ ಧಾಟಿಯನ್ನೂ ದಾಖಲಿಸಿಕೊಳ್ಳಬೇಕು. ಇದು ಮೊದಲು ರಾಣೆಬೆನ್ನೂರು, ಹರಿಹರ, ಹೊನ್ನಾಳಿಗಳ ಮನೆಗಳಲ್ಲಿ ನಡೆಯಬೇಕಾದ ಕೆಲಸ.