ಹತ್ತು ಸಾವಿರ ವರ್ಷಗಳ ಸಹಪ್ರಯಾಣಿಕ

ಕೆಂಗೇರಿಯಲ್ಲಿ ಯಾರದಾದರೂ ಕಣ್ಣು ಹಳದಿಯಾಯಿತೆಂದರೆ ಮೊದಲ ಅನುಮಾನ ನೀರಿನ ಮೇಲೆ. ನಗರದ ಕೊಳೆಯನ್ನೆಲ್ಲ ಹೊತ್ತು ವೃಷಭಾವತಿ ಪಕ್ಕದಲ್ಲೇ ಹರಿಯುವಾಗ ಹಾಗೆನ್ನಿಸುವುದು ಸಹಜವೇ. ಹೆಪಟೈಟಿಸ್ ‘ಎ’ ಮತ್ತು ‘ಇ’ ಮಟ್ಟಿಗೆ ಈ ಅನುಮಾನ ಸರಿಯೂ ಹೌದು. ಆದರೆ ಹೆಪಟೈಟಿಸ್ ‘ಬಿ’ ನೀರಿನಲ್ಲಿ ಬರುವ ಕಾಯಿಲೆಯಲ್ಲ. ಸೋಂಕಿತ ರಕ್ತ, ಶುದ್ಧಿ ಮಾಡದ ಸೂಜಿ, ಲೈಂಗಿಕ ಸಂಪರ್ಕ, ಎಲ್ಲಕ್ಕಿಂತ ಮುಖ್ಯವಾಗಿ ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ ದಾಟುವಂಥದ್ದು ಇದು. ಎಷ್ಟೋ ಜನರಲ್ಲಿ ಕಣ್ಣು ಹಳದಿಯಾಗುವುದೇ ಇಲ್ಲ. ದಶಕಗಳ ಕಾಲ ಯಕೃತ್ತಿನಲ್ಲಿ ಸದ್ದಿಲ್ಲದೆ ಕುಳಿತು, ನಡುವಯಸ್ಸಿನಲ್ಲಿ ಸಿರೋಸಿಸ್ ಅಥವಾ ಕ್ಯಾನ್ಸರ್ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ.

ತಾಯಿಯಿಂದ ಮಗುವಿಗೆ ಬರುವ ಈ ಗುಣದಿಂದಾಗಿಯೇ ವೈರಾಣುವಿನ ಚರಿತ್ರೆ ಮನುಷ್ಯರ ವಲಸೆಯ ಚರಿತ್ರೆಯೊಡನೆ ಹೆಣೆದುಕೊಂಡಿದೆ. ಇದರ ವಂಶವಾಹಿಯಲ್ಲಿರುವುದು ಸುಮಾರು 3,200 ಅಕ್ಷರಗಳು ಮಾತ್ರ. ಈ ಬರಹದಲ್ಲಿ ಶೇಕಡಾ 8ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಬೇರೆ ಜಿನೋಟೈಪ್, ಅಂದರೆ ಬೇರೆ ಕವಲು, ಎಂದು ಎಣಿಸುವ ಪದ್ಧತಿಯನ್ನು ಜಪಾನಿನ ಸಂಶೋಧಕರು 1988ರಲ್ಲಿ ತಂದರು. ಆಗ ನಾಲ್ಕಿದ್ದ ಕವಲುಗಳು ಈಗ ‘ಎ’ಯಿಂದ ‘ಎಚ್’ವರೆಗೆ ಎಂಟಾಗಿವೆ, ಇನ್ನೆರಡರ ಬಗ್ಗೆ ಚರ್ಚೆಯಿದೆ.

ಪೂರ್ವ ಏಷ್ಯಾದಲ್ಲಿ ‘ಬಿ’ ಮತ್ತು ‘ಸಿ’, ಅಮೆರಿಕದ ಮೂಲನಿವಾಸಿಗಳಲ್ಲಿ ‘ಎಫ್’ ಮತ್ತು ‘ಎಚ್’ ಹೆಚ್ಚು. ಮೆಡಿಟರೇನಿಯನ್ ತೀರದಿಂದ ಮಧ್ಯ ಏಷ್ಯಾ ಹಾದು ಭಾರತದವರೆಗೆ ಹಬ್ಬಿರುವುದು ‘ಡಿ’. ದಕ್ಷಿಣ ಭಾರತದಲ್ಲೂ ಅದರದ್ದೇ ಮೇಲುಗೈ, ನಂತರ ‘ಎ’. ನಮ್ಮ ದೇಶದ ‘ಎ’ ಯುರೋಪಿನದಕ್ಕಿಂತ ಆಫ್ರಿಕಾದ ‘ಎ’ಗೆ ಹತ್ತಿರದ ಬಂಧು. ಅರಬ್ಬೀ ಸಮುದ್ರದ ಹಳೆಯ ವ್ಯಾಪಾರ ಮತ್ತು ಗುಲಾಮರ ಸಾಗಣೆ ಇದಕ್ಕೆ ಕಾರಣವಿರಬಹುದೆಂಬುದು ಒಂದು ವಾದ.

ಪಶ್ಚಿಮ ಆಫ್ರಿಕಾದ ‘ಇ’ ಕವಲಿನ ಕಥೆಯಂತೂ ಪತ್ತೇದಾರಿ ಕಥೆಯಂತಿದೆ. ಅಲ್ಲಿ ಇದು ಮನೆಮಾತಾಗುವಷ್ಟು ಸಾಮಾನ್ಯ. ಆದರೆ ಅಲ್ಲಿಂದ ಹಡಗು ತುಂಬಿ ಅಮೆರಿಕ ಖಂಡಗಳಿಗೆ ಒಯ್ದ ಗುಲಾಮರ ವಂಶಜರಲ್ಲಿ ಬಲು ಅಪರೂಪ. ಹಾಗಾದರೆ ಗುಲಾಮರ ವ್ಯಾಪಾರ ಜೋರಾಗಿದ್ದ ಕಾಲದಲ್ಲಿ ಅದು ಅಲ್ಲಿ ಅಷ್ಟಾಗಿ ಇರಲಿಲ್ಲ, ಹರಡಿದ್ದು ತೀರಾ ಈಚೆಗೆ ಎಂದು ಅನೇಕ ತಜ್ಞರು ಊಹಿಸುತ್ತಾರೆ.

ವೈರಾಣುವಿನ ಹಳೆಯ ಚರಿತ್ರೆಗೆ ಸಾಕ್ಷ್ಯ ಒದಗಿದ್ದು ಹಳೆಯ ಅಸ್ಥಿಪಂಜರಗಳ ಹಲ್ಲುಗಳಿಂದ. ಜರ್ಮನಿಯಲ್ಲಿ ಸುಮಾರು 7,000 ವರ್ಷ ಹಳೆಯ ದೇಹದಲ್ಲಿ ಈ ವೈರಾಣು ಇದ್ದುದು 2018ರಲ್ಲಿ ಪ್ರಕಟವಾಯಿತು. 2021ರಲ್ಲಿ ಇನ್ನೊಂದು ತಂಡ 10,500ರಿಂದ 400 ವರ್ಷಗಳಷ್ಟು ಹಳೆಯ 137 ವೈರಾಣು ಮಾದರಿಗಳನ್ನು ಓದಿ, ಇಂದಿನ ಮತ್ತು ಅಂದಿನ ಕವಲುಗಳಿಗೆಲ್ಲ 20,000ದಿಂದ 12,000 ವರ್ಷಗಳ ಹಿಂದೆ ಒಂದೇ ಮೂಲವಿತ್ತೆಂದು ಲೆಕ್ಕ ಹಾಕಿತು. ಯುರೋಪಿನ ಮೊದಲ ರೈತರ ಜತೆ ಬಂದು ಸಾವಿರಾರು ವರ್ಷ ಆಳಿದ ಕವಲೊಂದು ಕ್ರಿಸ್ತಪೂರ್ವ ಎರಡನೇ ಸಹಸ್ರಮಾನದ ಕೊನೆಯ ಹೊತ್ತಿಗೆ ಹೆಚ್ಚುಕಡಿಮೆ ಅಳಿದೇ ಹೋಯಿತು. ಅದರ ಪಳೆಯುಳಿಕೆಯಂತೆ ಉಳಿದಿರುವುದು ಅಪರೂಪದ ‘ಜಿ’ ಮಾತ್ರ.

ವೈರಾಣುವಿನ ಗುರುತು ಮೊದಲು ಸಿಕ್ಕಿದ್ದು ಅಕಸ್ಮಾತ್ತಾಗಿ. ವಂಶಪಾರಂಪರ್ಯವಾಗಿ ಬರುವ ರಕ್ತದ ವ್ಯತ್ಯಾಸಗಳನ್ನು ಹುಡುಕುತ್ತಿದ್ದ ಅಮೆರಿಕದ ಬರೂಚ್ ಬ್ಲೂಮ್‌ಬರ್ಗ್, ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ವಿಚಿತ್ರ ಪ್ರೋಟೀನೊಂದನ್ನು ಕಂಡು 1965ರಲ್ಲಿ ವರದಿ ಮಾಡಿದರು. ಅದು ವೈರಾಣುವಿನ ಹೊರಕವಚವೆಂದು ಬಳಿಕ ತಿಳಿಯಿತು. 1976ರಲ್ಲಿ ಅವರಿಗೆ ನೊಬೆಲ್ ಬಂತು. ಇದೇ ಬ್ಲೂಮ್‌ಬರ್ಗ್ 1986ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ರಾಮನ್ ಸಂದರ್ಶಕ ಪ್ರಾಧ್ಯಾಪಕರಾಗಿ ಬೆಂಗಳೂರಿಗೆ ಬಂದಿದ್ದರು. ನಮ್ಮ ಹಳ್ಳಿಗಳಲ್ಲಿ ಕಾಮಾಲೆಗೆ ಅರೆದು ಕುಡಿಸುವ ಕಿರುನೆಲ್ಲಿಯನ್ನೂ ಅವರ ತಂಡ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿತ್ತು. 1988ರ ಮದ್ರಾಸಿನ ಪ್ರಯೋಗವೊಂದು ದೊಡ್ಡ ಆಸೆ ಹುಟ್ಟಿಸಿತು. ನಂತರದ ಪ್ರಯೋಗಗಳಲ್ಲಿ ಆ ಫಲ ಕಾಣಲಿಲ್ಲ. ಕಿರುನೆಲ್ಲಿಯನ್ನು ನಂಬಿ ರಕ್ತಪರೀಕ್ಷೆ ಮುಂದೂಡುವವರು ಇದನ್ನು ಗಮನಿಸಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನ 25.4 ಕೋಟಿ ಜನರಲ್ಲಿ ಈ ಸೋಂಕು ನೆಲೆಯೂರಿತ್ತು. ಅವರಲ್ಲಿ ಸುಮಾರು 2.98 ಕೋಟಿ ಮಂದಿ ಭಾರತೀಯರು. ದೊಡ್ಡವರಿಗೆ ತಗುಲಿದರೆ ನೂರಕ್ಕೆ ತೊಂಬತ್ತೈದು ಮಂದಿ ತಾವಾಗಿಯೇ ಗುಣವಾಗುತ್ತಾರೆ. ಹಸುಗೂಸಿಗೆ ತಗುಲಿದರೆ ಲೆಕ್ಕ ತಿರುಗುಮುರುಗು: ನೂರಕ್ಕೆ ತೊಂಬತ್ತರಲ್ಲಿ ಅದು ಬಾಳಿನುದ್ದಕ್ಕೂ ಉಳಿಯುತ್ತದೆ. ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಲಸಿಕೆ ಬೀಳಬೇಕೆಂದು ವೈದ್ಯರು ಪಟ್ಟು ಹಿಡಿಯುವುದು ಇದಕ್ಕೇ. ಕವಲು ಯಾವುದೇ ಇರಲಿ, ಲಸಿಕೆ ಒಂದೇ. ಕರ್ನಾಟಕದ ಸರ್ಕಾರಿ ಲಸಿಕಾ ಪಟ್ಟಿಗೆ ಅದು 2007-08ರಲ್ಲಿ ಬಂತು, 2011ರ ಹೊತ್ತಿಗೆ ಇಡೀ ದೇಶಕ್ಕೆ.

ಅದಕ್ಕೂ ಮೊದಲು ಹುಟ್ಟಿದವರಲ್ಲಿ ಬಹುಪಾಲು ಜನ ಲಸಿಕೆ ಕಂಡಿಲ್ಲ. ಸೋಂಕು ಒಮ್ಮೆ ನೆಲೆಯೂರಿದ ಮೇಲೆ ಲಸಿಕೆಯಿಂದ ಪ್ರಯೋಜನವೂ ಇಲ್ಲ. ವೈರಾಣುವನ್ನು ಹದ್ದುಬಸ್ತಿನಲ್ಲಿಡುವ ಮಾತ್ರೆಗಳಿವೆ. 2018ರ ಜುಲೈ 28ರಂದು, ಅಂದರೆ ಬ್ಲೂಮ್‌ಬರ್ಗ್ ಹುಟ್ಟಿದ ದಿನದಂದೇ, ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ.