ವಾಸಿಯಾಗದ ನಾಯಿಯ ಕಣ್ಣುರಿ

ತೋಟ ಕಾಯುವ ನಾಯಿಯ ಕಣ್ಣು ಕೆಂಪಾಗಿ, ಪಿಸುರು ಕಟ್ಟಿ, ವಾರಗಟ್ಟಲೆ ನೀರು ಸುರಿಸುವುದುಂಟು. ಆಗ ಮನೆಯಲ್ಲಿ ಉಳಿದಿರುವ ಕಣ್ಣಿನ ಔಷಧಿಯನ್ನೇ ಹಾಕುವುದು ಅಪಾಯಕರ. ಕಣ್ಣಿನ ಪಾರದರ್ಶಕ ಪಟಲದ ಮೇಲೆ ಹುಣ್ಣಿದ್ದರೆ, ಸ್ಟೀರಾಯ್ಡ್ ಬೆರೆತ ಹನಿಯಿಂದ ಅದು ಆಳವಾಗಿ ದೃಷ್ಟಿಯೇ ಹೋಗಬಹುದು.

ಉರಿಗೆ ಕಾರಣಗಳು ಹಲವು: ಮೂರನೆಯ ರೆಪ್ಪೆಯ ಹಿಂದೆ ಸಿಕ್ಕಿದ ಹುಲ್ಲಿನ ಮುಳ್ಳು, ಒಳಕ್ಕೆ ಮಡಿಚಿದ ರೆಪ್ಪೆ, ಕಣ್ಣೀರಿನ ಕೊರತೆ ಇತ್ಯಾದಿ. ಪಶುವೈದ್ಯರು ಕಣ್ಣೀರನ್ನು ಕಾಗದದ ಪಟ್ಟಿಯಿಂದ ಅಳೆಯುತ್ತಾರೆ. ಒಂದು ನಿಮಿಷದಲ್ಲಿ ಪಟ್ಟಿ 15 ಮಿ.ಮೀ. ಅಥವಾ ಹೆಚ್ಚು ಒದ್ದೆಯಾಗಬೇಕು. 10ಕ್ಕಿಂತ ಕಡಿಮೆಯಾದರೆ ಕೊರತೆಯ ಲಕ್ಷಣ. ಫ್ಲೋರೆಸೀನ್ ಬಣ್ಣ ಹಾಕಿದಾಗ ಹುಣ್ಣು ಹಸಿರಾಗಿ ಕಾಣುತ್ತದೆ. ಈ ಪರೀಕ್ಷೆಗಳಿಗೆ ಕೆಲವೇ ನಿಮಿಷ ಸಾಕು.

ಅಲ್ಲಿಯವರೆಗೆ, ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ ಪಿಸುರನ್ನು ಒರೆಸಬೇಕು. ನಾಯಿ ಕಣ್ಣು ತೆರೆಯದಿದ್ದರೆ ಅಥವಾ ಕಣ್ಣು ಮಂಜಾದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು.