ನೆಲದಡಿಯ ಚಿತ್ರ ತಿಳಿಯಾಗುವ ಬಗೆ

ಬಿರುಕಿಲ್ಲದ ಒಣ ಗ್ರಾನೈಟ್‌ನಲ್ಲಿ ವಿದ್ಯುತ್ ಸುಲಭವಾಗಿ ಹರಿಯದು. ಜೇಡಿಮಣ್ಣಿನಲ್ಲಿ, ನೀರು ತುಂಬಿದ ಶಿಥಿಲ ಶಿಲೆಯಲ್ಲಿ ಸರಾಗವಾಗಿ ಹರಿಯುತ್ತದೆ. ವಿದ್ಯುತ್ ರೋಧಶೀಲತೆಯ ಸಮೀಕ್ಷೆಗೆ ಈ ವ್ಯತ್ಯಾಸವೇ ಆಧಾರ. ಫ್ರಾನ್ಸಿನ ಕಾನ್ರಾಡ್ ಶ್ಲುಂಬರ್ಜೆ 1912ರಲ್ಲಿ ಈ ಬಗೆಯ ಪ್ರಯೋಗಗಳನ್ನು ಆರಂಭಿಸಿದರು. ಕರ್ನಾಟಕದ ಗಟ್ಟಿಶಿಲೆಯ ಬಯಲುಸೀಮೆಯಲ್ಲಿ ಕೊಳವೆಬಾವಿಯ ಜಾಗ ಗುರುತಿಸಲು ಭೂವಿಜ್ಞಾನಿಗಳು ಇಂದಿಗೂ ಇದನ್ನೇ ಬಳಸುತ್ತಾರೆ.

ನೆಲಕ್ಕೆ ನಾಲ್ಕು ಲೋಹದ ಸರಳುಗಳನ್ನು ಸಮ ಅಂತರದಲ್ಲಿ ನೆಟ್ಟು, ಹೊರಗಿನ ಎರಡರಿಂದ ವಿದ್ಯುತ್ ಹರಿಸಿ, ಒಳಗಿನ ಎರಡರ ನಡುವಿನ ವೋಲ್ಟೇಜ್ ಅಳೆಯುವುದು ವೆನ್ನರ್ ಕ್ರಮ. ಅಂತರ 10 ಮೀಟರ್, ವಿದ್ಯುತ್ 100 ಮಿಲಿಆಂಪಿಯರ್, ವೋಲ್ಟೇಜ್ 80 ಮಿಲಿವೋಲ್ಟ್ ಇದ್ದರೆ ಸಿಗುವ ಮೌಲ್ಯ ಸುಮಾರು 50 ಓಮ್-ಮೀಟರ್. ಆದರೆ ಇದು ಯಾವುದೋ ಒಂದು ಪದರದ ಗುಣವಲ್ಲ. ವಿದ್ಯುತ್ ಹಾದುಹೋದ ಎಲ್ಲ ಪದರಗಳ ಪ್ರಭಾವ ಅದರಲ್ಲಿ ಬೆರೆತಿರುತ್ತದೆ. ಇಂಥ ನೂರಾರು ಅಳತೆಗಳಿಂದ ಪದರಗಳನ್ನು ಬೇರ್ಪಡಿಸುವ ಗಣಿತವೇ ಇನ್ವರ್ಷನ್.

ಒಂದೇ ಅಳತೆಗೆ ಹಲವು ನೆಲಗಳು ಹೊಂದುವುದು ಇಲ್ಲಿಯ ದೊಡ್ಡ ತೊಡಕು. ಹೆಚ್ಚು ರೋಧದ ಶಿಲೆಗಳ ನಡುವೆ 20 ಓಮ್-ಮೀಟರ್‌ನ 5 ಮೀಟರ್ ಪದರವಿದ್ದರೂ, 40 ಓಮ್-ಮೀಟರ್‌ನ 10 ಮೀಟರ್ ಪದರವಿದ್ದರೂ ನೆಲದ ಮೇಲಿನ ಉಪಕರಣಕ್ಕೆ ಹೆಚ್ಚುಕಡಿಮೆ ಒಂದೇ ಉತ್ತರ ಸಿಗುತ್ತದೆ. ಬಾವಿ ಕೊರೆಸುವವರಿಗೆ ಮಾತ್ರ ಈ ಎರಡರ ವ್ಯತ್ಯಾಸ ಬಹಳ ದೊಡ್ಡದು.

ಆದ್ದರಿಂದ ಅಳತೆಗೆ ಹೊಂದುವ ನೆಲದ ಮಾದರಿಗಳಲ್ಲಿ ಅತಿ ನಯವಾದುದನ್ನು, ಅಂದರೆ ರೋಧಶೀಲತೆ ಮೆಲ್ಲಗೆ ಬದಲಾಗುವುದನ್ನು, ಆರಿಸುವ ವಿಧಾನವನ್ನು 1987ರಲ್ಲಿ ಕಾನ್‌ಸ್ಟೆಬಲ್ ಮತ್ತು ಸಹಲೇಖಕರು ಮುಂದಿಟ್ಟರು. 1996ರಲ್ಲಿ ಲೋಕೆ ಮತ್ತು ಬಾರ್ಕರ್ ಆ ದಾರಿಯ ಲೆಕ್ಕವನ್ನು ಸಾಮಾನ್ಯ ಕಂಪ್ಯೂಟರಿನಲ್ಲೂ ಬೇಗ ಮುಗಿಸುವ ಬಗೆಯನ್ನು ತೋರಿಸಿದರು. ನಯಗೊಳಿಸಿದರೆ ಇಲ್ಲದ ರಚನೆಗಳು ಮೂಡುವುದು ಕಡಿಮೆಯಾಗುತ್ತದೆ. ಆದರೆ ಶಿಥಿಲ ಪದರಕ್ಕೂ ಗಟ್ಟಿಶಿಲೆಗೂ ನಡುವಿನ ಚೂಪಾದ ಗಡಿ ಮಸುಕಾಗುತ್ತದೆ. ಮಾದರಿಯ ಅಕ್ಕಪಕ್ಕದ ಮೌಲ್ಯಗಳ ವ್ಯತ್ಯಾಸಗಳ ವರ್ಗದ ಬದಲು ಅವುಗಳ ಗಾತ್ರವನ್ನಷ್ಟೇ ಕೂಡಿಸಿ ಕನಿಷ್ಠಗೊಳಿಸುವ ಕ್ರಮದಲ್ಲಿ ಇಂಥ ಗಡಿಗಳು ಉಳಿದುಕೊಳ್ಳುತ್ತವೆ.

ಅಳತೆಯ ದೋಷವನ್ನು ಸರಿಯಾಗಿ ಅಂದಾಜಿಸುವುದೂ ಅಷ್ಟೇ ಮುಖ್ಯ. ವಿದ್ಯುತ್ ಹರಿಸುವ ಮತ್ತು ವೋಲ್ಟೇಜ್ ಅಳೆಯುವ ಸರಳುಗಳನ್ನು ಅದಲುಬದಲು ಮಾಡಿದರೂ ತಾತ್ವಿಕವಾಗಿ ಅದೇ ರೋಧ ಬರಬೇಕು. ಬಾರದಿದ್ದರೆ ಆ ಅಳತೆಗೆ ಲೆಕ್ಕದಲ್ಲಿ ಕಡಿಮೆ ತೂಕ ಕೊಡಬೇಕು. ಪಕ್ಕದ ಕೊಳವೆಬಾವಿಯಲ್ಲಿ ಗಟ್ಟಿಶಿಲೆ ಸಿಕ್ಕ ಆಳವನ್ನು ಮಾದರಿಗೆ ಕಟ್ಟುಪಾಡಾಗಿ ಸೇರಿಸಿದರೆ, 5 ಮೀಟರೋ 10 ಮೀಟರೋ ಎಂಬ ಗೊಂದಲ ಬಹುಪಾಲು ತಗ್ಗುತ್ತದೆ.

ಕೊನೆಯ ಪರೀಕ್ಷೆ ಆಳದ್ದು. ಬೇರೆ ಬೇರೆ ಆರಂಭಿಕ ಊಹೆಗಳಿಂದ ಇನ್ವರ್ಷನ್ ನಡೆಸಿ ಫಲಿತಾಂಶಗಳನ್ನು ಹೋಲಿಸಬೇಕು. ಅವು ಒಂದನ್ನೊಂದು ಹೋಲುವ ಭಾಗ ಅಳತೆಯಿಂದ ಬಂದದ್ದು. ಬೇರೆಯಾಗುವ ಭಾಗ ಬರೀ ಊಹೆಯದು. ಈ ಗಡಿಯನ್ನು ಚಿತ್ರದಲ್ಲೇ ಗುರುತಿಸಿಕೊಟ್ಟರೆ, ಎಷ್ಟು ಆಳದವರೆಗೆ ಅದನ್ನು ನಂಬಿ ಕೊರೆಸಬಹುದೆಂಬುದು ರೈತನಿಗೆ ಸ್ಪಷ್ಟವಾಗುತ್ತದೆ.